ಕೈಗೆ ಬಂದ ಹೊಟ್ಟೆಚರ್ಮ

ಕಳೆದ ಮಳೆಗಾಲದಲ್ಲಿ ಒಂದು ಜಿಗಣೆ ನನ್ನ ಎಡಗೈಯ ಹಿಂಬದಿಗೆ ಹತ್ತಿ, ಹೊಟ್ಟೆ ತುಂಬ ರಕ್ತ ಕುಡಿದು, ತಾನೇ ಉದುರಿ ಬಿತ್ತು. ನನಗೆ ಗೊತ್ತೇ ಆಗಲಿಲ್ಲ. ಜಿಗಣೆ ಕಚ್ಚುವುದು ಯಾರಿಗೂ ಅಷ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ ಅನ್ನಿ. ಆದರೆ ಕೊಡಗಿನ ಮಾದಾಪುರದ ಕಡೆಯ ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವನಿಗೆ ಅದು ಮೈಮೇಲೆ ಹರಿಯುವಾಗಿನ ತಣ್ಣನೆಯ ಸ್ಪರ್ಶವಾದರೂ ತಿಳಿಯುತ್ತದೆ. ಇಲ್ಲಿ ಅದೂ ಇಲ್ಲ. ಅಂಗಿಯ ತೋಳೆಲ್ಲ ರಕ್ತವಾದ ಮೇಲೆ ನೋಡಿದ ಹೆಂಡತಿ ಹೇಳಿದಳು, "ಅದು ನಿಮ್ಮ ಕೈ ಕಚ್ಚಿದ್ದಲ್ಲ, ಹೊಟ್ಟೆ ಕಚ್ಚಿದ್ದು."

ತಮಾಷೆಗೆ ಹೇಳಿದರೂ ನಿಜವನ್ನೇ ಹೇಳಿದಳು. ನನ್ನ ಎಡಗೈ ಹಿಂಬದಿಯಲ್ಲಿ, ಮಣಿಕಟ್ಟಿನಿಂದ ಬೆರಳುಗಳ ಬುಡದವರೆಗೆ ಇರುವುದು ಕೈಯ ಚರ್ಮವಲ್ಲ. ಹೊಟ್ಟೆಯ ಕೆಳಗೆ, ತೊಡೆಸಂದಿನ ಪಕ್ಕದಿಂದ ಬಂದದ್ದು.

2019ರ ಡಿಸೆಂಬರ್. ಅರೇಬಿಕಾ ಕೊಯ್ಲು. ಕೊಯ್ದ ಹಣ್ಣನ್ನು ಅದೇ ದಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ ಮುಗಿಸಬೇಕು, ಇಲ್ಲದಿದ್ದರೆ ರಾತ್ರಿ ಕಳೆಯುವುದರೊಳಗೆ ಹುಳಿ ಹಿಡಿಯುತ್ತದೆ. ಕತ್ತಲಾಗಿತ್ತು, ಚಳಿಯಿತ್ತು, ಸ್ವೆಟರ್ ಹಾಕಿದ್ದೆ. ಮೋಟಾರಿನ ಬೆಲ್ಟು ಜಾರುತ್ತಿದೆ ಎಂದು ಬಗ್ಗಿ ನೋಡಲು ಹೋದೆ. ತೋಳಿನ ತುದಿ ಬೆಲ್ಟಿಗೂ ಚಕ್ರಕ್ಕೂ ನಡುವೆ ಹೋಯಿತು. ಮೇಸ್ತ್ರಿ ಓಡಿ ಬಂದು ಮೋಟಾರು ಆರಿಸುವಷ್ಟರಲ್ಲಿ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಕೈಯ ಹಿಂಬದಿ ಸುಲಿದಿತ್ತು. ಬೆಲ್ಟಿಗೆ ತಂತಿಬಲೆಯ ಮುಚ್ಚಳ ಹಾಕಿಸಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದವನು ನಾನೇ, ಹಾಕಿಸದವನೂ ನಾನೇ. ಸುಂಟಿಕೊಪ್ಪ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು, 100 ಕಿ.ಮೀ.ಗೂ ಮೇಲೆ. ದಾರಿಯಲ್ಲಿ, ಕೈಗೆ ಸುತ್ತಿದ್ದ ಮನೆಯ ಬೈರಾಸದ (ಟವೆಲ್ಲಿನ) ಒಳಗೆ ಏನಿದೆ ಎಂದು ನಾನು ಒಮ್ಮೆಯೂ ಬಿಚ್ಚಿ ನೋಡಲಿಲ್ಲ.

"ನರ ಹೋಗಿದೆಯಾ ಡಾಕ್ಟ್ರೇ?" ಎಂದು ತಮ್ಮ ಕೇಳಿದ. ಡಾಕ್ಟರು ನಕ್ಕು, "ಯಾವ ನರ?" ಅಂದರು. ನಮ್ಮ ಮಾತಿನಲ್ಲಿ ರಕ್ತ ಹರಿಯುವುದೂ ನರ, ನೋವು ಮುಟ್ಟಿಸುವುದೂ ನರ, ಬೆರಳನ್ನು ಎಳೆಯುವ ಬಿಳಿ ದಾರವೂ ನರ. ನನಗೆ ರಕ್ತನಾಳ ಉಳಿದಿತ್ತು, ಅಂಗೈ ಕಡೆಯ ಸ್ಪರ್ಶದ ನರ ಉಳಿದಿತ್ತು. ಹೋದದ್ದು ಮೂರನೆಯದು, ಪುಸ್ತಕದ ಕನ್ನಡದಲ್ಲಿ ಸ್ನಾಯುರಜ್ಜು ಅನ್ನುತ್ತಾರಲ್ಲ, ಅದು. ನಡುಬೆರಳು ಮತ್ತು ಉಂಗುರ ಬೆರಳನ್ನು ಮೇಲಕ್ಕೆ ಎತ್ತುವ ದಾರಗಳು ಹರಿದಿದ್ದವು. ಉಳಿದವು ಗಾಯದಲ್ಲಿ ಬೆತ್ತಲೆಯಾಗಿ ಹೊಳೆಯುತ್ತಿದ್ದವು.

ತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ಅಂಟಿಸಿದರೆ ಆಗದೇ ಎಂದು ನಾನು ಕೇಳಿದ್ದೆ. ಸುಟ್ಟ ಗಾಯಕ್ಕೆ ಹಾಗೆ ಮಾಡುವುದನ್ನು ಕೇಳಿ ಗೊತ್ತಿತ್ತು. ಆಗುವುದಿಲ್ಲವಂತೆ. ಹಾಗೆ ಅಂಟಿಸಿದ ಚರ್ಮಕ್ಕೆ ತನ್ನದೆಂಬ ರಕ್ತವಿಲ್ಲ. ಕೆಳಗಿನ ನೆಲದಿಂದಲೇ ಹೀರಿಕೊಂಡು ಬದುಕಬೇಕು. ಬರಿಯ ಮೂಳೆ, ಪೊರೆ ಸುಲಿದ ದಾರ, ಇವು ಬಂಡೆಯ ಹಾಗೆ. ಬಂಡೆಯ ಮೇಲೆ ಬೀಜ ಚೆಲ್ಲಿದರೆ ಮೊಳೆಯುವುದಿಲ್ಲ. ಒಂದು ವೇಳೆ ಹಿಡಿದರೂ ದಾರಕ್ಕೆ ಕಚ್ಚಿಕೊಂಡು ಅದನ್ನು ಜಾರಲು ಬಿಡುವುದಿಲ್ಲ. ಆದ್ದರಿಂದ ತನ್ನ ರಕ್ತವನ್ನು ತಾನೇ ಹೊತ್ತು ತರುವ, ಕೊಬ್ಬಿನ ಮೆತ್ತೆಯಿರುವ ಚರ್ಮ ಬೇಕು. ಅದಕ್ಕೆ ಫ್ಲ್ಯಾಪ್ ಎಂದು ಹೆಸರು.

ಇದನ್ನು ನಾನು ಅರ್ಥಮಾಡಿಕೊಂಡದ್ದು ಮೆಣಸಿನ ಬಳ್ಳಿಯಿಂದ. ಬಳ್ಳಿಯನ್ನು ನೆಲದ ಮೇಲೆ ಹಾವಿನಂತೆ ಹರಿಯಬಿಟ್ಟು, ಒಂದೊಂದು ಗೆಣ್ಣಿನ ಕೆಳಗೂ ಮಣ್ಣಿನ ಚೀಲ ಇಟ್ಟು ಸಸಿ ಮಾಡುತ್ತೇವಲ್ಲ, ಅದೇ. ಗೆಣ್ಣು ಹೊಸ ಮಣ್ಣಿನಲ್ಲಿ ಬೇರು ಬಿಡುವವರೆಗೆ ತಾಯಿಬಳ್ಳಿಯಿಂದಲೇ ಉಣ್ಣುತ್ತದೆ. ಬೇರು ಹಿಡಿದಿದೆ ಅನ್ನಿಸಿದ ಮೇಲೆ ನಡುವೆ ಕತ್ತರಿಸುತ್ತೇವೆ. ನನಗೆ ಮಾಡಿದ್ದೂ ಇಷ್ಟೇ. ಗಾಯ ತೊಳೆದು ಸತ್ತದ್ದನ್ನೆಲ್ಲ ತೆಗೆದ ಎರಡು ದಿನಗಳ ನಂತರ, ತೊಡೆಸಂದಿನ ಮೇಲೆ ನಾಲಗೆಯಾಕಾರದ ಚರ್ಮ ಎಬ್ಬಿಸಿ, ಅದರ ಬುಡವನ್ನು ಹಾಗೇ ಬಿಟ್ಟು, ನನ್ನ ಕೈಯನ್ನೇ ಅಲ್ಲಿಗೆ ತಂದು ಹೊಲಿದರು. 1972ರಲ್ಲಿ ಮೆಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬಿಬ್ಬರು ಪ್ರಕಟಿಸಿದ ವಿಧಾನ. ಅದರ ಮರುವರ್ಷವೇ ಆಸ್ಟ್ರೇಲಿಯಾದಲ್ಲಿ ಅದೇ ಜಾಗದ ಚರ್ಮವನ್ನು ಪೂರ್ತಿ ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳಕ್ಕೆ ರಕ್ತನಾಳ ಹೊಲಿದು, ಕಾಲಿಗೆ ಕೂರಿಸಿದರು. ಈಗ ದೊಡ್ಡ ಕಡೆಗಳಲ್ಲೆಲ್ಲ ಹೆಚ್ಚಾಗಿ ಆ ರೀತಿಯದೇ. ನನ್ನದು ಹಳೇ ಕಾಲದ್ದು. ಹಳೇ ಜೀಪಿನ ಹಾಗೆ, ಹೆಚ್ಚು ಸಲಕರಣೆ ಬೇಡ, ಎಲ್ಲಿ ಬೇಕಾದರೂ ಓಡುತ್ತದೆ.

ಮೂರು ವಾರ ಕೈ ಸೊಂಟಕ್ಕೆ ಅಂಟಿಕೊಂಡೇ ಇತ್ತು. ಅದರ ವರ್ಣನೆ ಬೇಡ. ಪಂಚೆ ಉಡಿಸುವುದರಿಂದ ಹಿಡಿದು ಎಲ್ಲವನ್ನೂ ತಮ್ಮನೇ ಮಾಡಿದ. ನಿದ್ದೆಯಲ್ಲಿ ಕೈ ಎಳೆದುಬಿಡುತ್ತೇನೆಂಬ ಭಯಕ್ಕೆ ನಿದ್ದೆಯೇ ಬರುತ್ತಿರಲಿಲ್ಲ. ಕೊನೆಯ ಕೆಲವು ದಿನ ಬುಡವನ್ನು ದಿನಕ್ಕಿಷ್ಟು ಹೊತ್ತು ಬಿಗಿದು ಕಟ್ಟಿ, ತಾಯಿಯ ರಕ್ತ ನಿಂತರೆ ಫ್ಲ್ಯಾಪ್ ತಾನಾಗಿ ಉಸಿರಾಡುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಬಣ್ಣ ಕೆಡಲಿಲ್ಲ. ಕತ್ತರಿಸಿದರು.

ಪಕ್ಕದ ಹಾಸಿಗೆಯಲ್ಲಿ ಪಿರಿಯಾಪಟ್ಟಣ ಕಡೆಯ ಒಬ್ಬರಿದ್ದರು, ಹೊಗೆಸೊಪ್ಪು ಬೆಳೆಯುವವರು. ಬೆಳೆದದ್ದನ್ನು ಬಾಯಿಗೂ ಹಾಕುತ್ತಿದ್ದವರು. ನಾಲಗೆಯ ಕ್ಯಾನ್ಸರ್. ಅರ್ಧ ನಾಲಗೆ ತೆಗೆದು, ಮುಂಗೈಯ ಒಳಬದಿಯ ಚರ್ಮವನ್ನು ಅದರ ರಕ್ತನಾಳದ ಸಮೇತ ಬಿಡಿಸಿ, ಬಾಯೊಳಗೆ ನಾಲಗೆಯ ಹಾಗೆ ಮಡಿಸಿ ಕೂರಿಸಿದ್ದರು. ಎರಡು ಮೂರು ಮಿಲಿಮೀಟರ್ ಅಗಲದ ರಕ್ತನಾಳವನ್ನು ಕುತ್ತಿಗೆಯ ರಕ್ತನಾಳಕ್ಕೆ, ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿದಿದ್ದು. ಮೊದಲೆರಡು ದಿನ ನರ್ಸಮ್ಮ ಗಂಟೆಗೊಮ್ಮೆ ಬಂದು ಟಾರ್ಚು ಬಿಟ್ಟು ಬಾಯೊಳಗೆ ನೋಡುವರು, ಸೂಜಿಯಿಂದ ಚುಚ್ಚುವರು. ಕೆಂಪು ರಕ್ತ ಮೆಲ್ಲಗೆ ಬಂದರೆ ಸರಿ. ರಕ್ತವೇ ಬರದಿದ್ದರೆ ಒಳಬರುವ ದಾರಿ ಕಟ್ಟಿದೆ. ಕಪ್ಪು ರಕ್ತ ಬೇಗ ಬೇಗ ಬಂದರೆ ಹೊರಹೋಗುವ ದಾರಿ ಕಟ್ಟಿದೆ. ಎರಡರಲ್ಲಿ ಯಾವುದಾದರೂ ಆ ರಾತ್ರಿಯೇ ಮತ್ತೆ ಆಪರೇಷನ್.

ಅವರಿಗೆ ಕಟ್ಟಲಿಲ್ಲ. ಪಳಗಿದ ಕೈಗಳಲ್ಲಿ ಇಂಥ ಫ್ಲ್ಯಾಪ್‌ಗಳು 100ಕ್ಕೆ 95ಕ್ಕೂ ಹೆಚ್ಚು ಬದುಕಿಕೊಳ್ಳುತ್ತವೆ. ರೌಂಡ್ಸಿಗೆ ಬಂದ ಡಾಕ್ಟರು ಅವರ ಬಾಯಿ ನೋಡಿ "ಫ್ಲ್ಯಾಪ್ ಚೆನ್ನಾಗಿದೆ", ನನ್ನ ಕೈ ನೋಡಿ "ಇದೂ ಚೆನ್ನಾಗಿದೆ" ಅಂದು ಮುಂದಕ್ಕೆ ಹೋದರು. ಇಬ್ಬರ ಮನೆಯವರೂ ದೇವರಿಗೆ ಕೈ ಮುಗಿದರು.

ಆಮೇಲೆ ಒಂದು ದಿನ ಒಬ್ಬ ಹುಡುಗಿ ಬಂದು ಅವರಿಗೆ ಮಾತು ಕಲಿಸಲು ಕೂತಳು. 'ಅಪ್ಪ', 'ಮಾವ', 'ಬಾ' ಚೆನ್ನಾಗಿ ಬಂದವು. ಅವು ತುಟಿಯ ಅಕ್ಷರಗಳು. 'ಬಾಳೆಹಣ್ಣು' ಅನ್ನಿ ಎಂದಳು. 'ಬಾಯೆಹನ್ನು' ಬಂತು. ಮತ್ತೆ ಅಂದಳು. ಮತ್ತೆ ಅದೇ. ಟ, ಡ, ಣ, ಳ ಹೇಳಬೇಕಾದರೆ ನಾಲಗೆಯ ತುದಿ ಹಿಂದಕ್ಕೆ ಸುರುಳಿಯಾಗಿ ಅಂಗುಳನ್ನು ಮುಟ್ಟಬೇಕು. ಮುಂಗೈಯ ಚರ್ಮ ಅಲ್ಲಿ ಜಾಗ ತುಂಬುತ್ತದೆ, ಸುರುಳಿ ಸುತ್ತುವುದಿಲ್ಲ. ಅದರೊಳಗೆ ಸ್ನಾಯುವಿಲ್ಲ, ಉಳಿದ ಅರ್ಧ ನಾಲಗೆ ಎಷ್ಟು ಎಳೆದಾಡಬಲ್ಲದೋ ಅಷ್ಟೇ. ಕನ್ನಡದ ಅರ್ಧ ಸೊಗಸು ಮೂರ್ಧನ್ಯ ಅಕ್ಷರಗಳಲ್ಲಿದೆ ಎಂದು ನನಗೆ ಆ ವಾರ್ಡಿನಲ್ಲಿ ಮೊದಲ ಸಲ ಹೊಳೆಯಿತು. ಅವರ ಊರಿನ ಹೆಸರಿನಲ್ಲೇ ಒಂದು ಟ್ಟ, ಒಂದು ಣ ಇದ್ದವು, ಪಾಪ.

ಇನ್ನೊಂದು ಅವರ ಸ್ವಂತ ಪರೀಕ್ಷೆ: ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ನುಂಗಬೇಕಾದರೆ ನಾಲಗೆ ಅದನ್ನು ಹಿಂದಕ್ಕೆ ತಳ್ಳಬೇಕು. ಮೂಗಿನ ನಳಿಕೆ ತೆಗೆದ ಮೇಲೆ ಗಂಜಿ, ಮೊಸರನ್ನವೆಲ್ಲ ಇಳಿಯುತ್ತಿತ್ತು. "ಮುದ್ದೆ ಯಾವಾಗ?" ಎಂದು ಬರೆದು ಕೇಳುತ್ತಿದ್ದರು. ಎಂಟು ತಿಂಗಳ ನಂತರ ಅವರ ಮಗ ಫೋನ್ ಮಾಡಿ, "ಸಣ್ಣ ಸಣ್ಣ ತುತ್ತು ಮಾಡಿ, ಸಾರಲ್ಲಿ ಅದ್ದಿ, ಬಲಗಡೆಗೆ ತಲೆ ವಾಲಿಸಿ ನುಂಗ್ತಾರೆ" ಅಂದ. ಆಸ್ಪತ್ರೆಯ ಫೈಲಿನಲ್ಲಿ ಯಾರಾದರೂ ಇದನ್ನು ಬರೆದುಕೊಂಡಿದ್ದಾರೋ ಇಲ್ಲವೋ.

ನನ್ನ ಕೈಯ ಕಥೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಫ್ಲ್ಯಾಪ್ ಬದುಕಿತು, ಕೈ ಮಾತ್ರ ಸತ್ತ ಹಾಗೆ ಬಿದ್ದಿತ್ತು. ಬೆರಳು ಬುಡದ ಗೆಣ್ಣುಗಳಿವೆಯಲ್ಲ, ಅವುಗಳ ಪಕ್ಕದ ಕಟ್ಟುಗಳು ಬೆರಳು ನೆಟ್ಟಗಿದ್ದಾಗ ಸಡಿಲ, ಮಡಿಸಿದಾಗ ಬಿಗಿ. ಸಡಿಲವಾಗಿಯೇ ವಾರಗಟ್ಟಲೆ ಬಿಟ್ಟರೆ ಅವು ಅಲ್ಲೇ ಕುಗ್ಗಿಬಿಡುತ್ತವೆ. ಆಮೇಲೆ ಮುಷ್ಟಿ ಕಟ್ಟಲು ಬರುವುದಿಲ್ಲ. ಆದ್ದರಿಂದಲೇ ಪೆಟ್ಟು ಬಿದ್ದ ಕೈಯನ್ನು ಗೆಣ್ಣು ಮಡಿಸಿಟ್ಟು ಪಟ್ಟಿ ಕಟ್ಟಬೇಕು. ಕೈ ಸೊಂಟಕ್ಕೆ ಹೊಲಿದಿರುವಾಗ ಅದನ್ನು ಸರಿಯಾಗಿ ಮಾಡುವುದು ಕಷ್ಟ. ಮೂರು ವಾರ ಕಳೆದು ಕೈ ಬಿಡಿಸಿದಾಗ ಭುಜ ಮೇಲೇಳುತ್ತಿರಲಿಲ್ಲ, ಮೊಣಕೈ ನೆಟ್ಟಗಾಗುತ್ತಿರಲಿಲ್ಲ, ಬೆರಳುಗಳು ಮರದ ಚಮಚಗಳ ಹಾಗಿದ್ದವು.

ಫಿಸಿಯೋಥೆರಪಿ ಶುರುವಾಯಿತು. ಹರಿದ ದಾರಗಳನ್ನು ಏಪ್ರಿಲ್‌ನಲ್ಲಿ ಜೋಡಿಸುವುದೆಂದು ಮಾತಾಯಿತು. 2020ರ ಮಾರ್ಚ್ 25ಕ್ಕೆ ದೇಶಕ್ಕೆ ಬೀಗ ಬಿತ್ತು. ಮಾದಾಪುರದಿಂದ ಮಡಿಕೇರಿಗೆ ಹೋಗುವುದೇ ದೊಡ್ಡದಾಗಿರುವಾಗ ಮೈಸೂರು ಎಲ್ಲಿ? ಫಿಸಿಯೋ ಹುಡುಗಿ ವಾಟ್ಸಾಪ್ ವಿಡಿಯೋದಲ್ಲಿ, "ಅಂಕಲ್, ಇನ್ನೊಂದು ಸ್ವಲ್ಪ, ನೋವಾದ್ರೂ ಪರವಾಗಿಲ್ಲ" ಅನ್ನುತ್ತಿದ್ದಳು. ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತಿತ್ತು. ನೆಟ್‌ವರ್ಕ್ ಹೋದ ಕೂಡಲೇ ನಾನೂ ನಿಲ್ಲಿಸುತ್ತಿದ್ದೆ. ಅವ್ವ ಬಿಡುತ್ತಿರಲಿಲ್ಲ. ಬಿಸಿನೀರಿನ ಚರಿಗೆಯಲ್ಲಿ ಕೈ ಅದ್ದಿಸಿ, ಗೋಧಿಹಿಟ್ಟಿನ ಉಂಡೆ ಕೊಟ್ಟು, ಹಿಸುಕು ಎಂದು ಎದುರಿಗೇ ಕೂರುತ್ತಿದ್ದರು. ಆ ಲಾಕ್‌ಡೌನಿನ ಚಪಾತಿಗಳೆಲ್ಲ ನನ್ನ ಎಡಗೈಯವು.

ದಾರ ಜೋಡಿಸಿದ್ದು ಸೆಪ್ಟೆಂಬರಿನಲ್ಲಿ. ಅದಕ್ಕೆ ಬೇಕಾದ ದಾರವನ್ನು ನನ್ನ ಮಣಿಕಟ್ಟಿನಿಂದಲೇ ತೆಗೆದರು. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿದರೆ ನಡುವೆ ಒಂದು ಹಗ್ಗ ಎದ್ದು ಕಾಣುತ್ತದೆ, ನೋಡಿಕೊಳ್ಳಿ. ಕೆಲವರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ, ಇಲ್ಲದಿದ್ದರೂ ಏನೂ ಕಡಿಮೆಯಿಲ್ಲ. ದೇವರು ಬಿಡಿಭಾಗವೆಂದು ಇಟ್ಟದ್ದಿರಬೇಕು. ಫ್ಲ್ಯಾಪಿನ ಅಂಚು ಎತ್ತಿ, ಕೊಬ್ಬಿನ ಕೆಳಗೆ ಆ ದಾರ ಹಾಯಿಸಿ ಹೊಲಿದರು. ಕೊಬ್ಬಿನ ಮೆತ್ತೆ ಯಾಕೆ ಬೇಕಿತ್ತೆಂದು ಆಗ ಗೊತ್ತಾಯಿತು. ಅದರೊಳಗೆ ದಾರ ಜಾರುತ್ತದೆ. ಪೂರ್ತಿಯಾಗಿ ಅಲ್ಲ, ಉಂಗುರ ಬೆರಳು ಇವತ್ತಿಗೂ ಮುಕ್ಕಾಲು ಮಾತ್ರ ಮೇಲೇಳುತ್ತದೆ.

ಒಂದು ವರ್ಷವಾದಾಗ ಫಿಸಿಯೋ ಹುಡುಗಿ ಪ್ರಶ್ನೆಪತ್ರಿಕೆ ತಂದಳು. ಡ್ಯಾಶ್ ಎಂದು ಅದರ ಹೆಸರು, 1996ರಲ್ಲಿ ಬಂದದ್ದು, ಲೋಕದಲ್ಲೆಲ್ಲ ಕೈಯ ಕೆಲಸವನ್ನು ಅಳೆಯಲು ಬಳಸುವುದು. 30 ಪ್ರಶ್ನೆ, ಒಂದೊಂದಕ್ಕೆ 1ರಿಂದ 5. ಕೂಡಿಸಿ ಲೆಕ್ಕ ಹಾಕಿದರೆ 0ಯಿಂದ 100ರೊಳಗೆ ಒಂದು ಅಂಕ. ಕಡಿಮೆ ಬಂದಷ್ಟೂ ಒಳ್ಳೆಯದು. ಶಾಲೆಯಲ್ಲಿ ಇಂಥ ಪರೀಕ್ಷೆ ಇರಬಾರದಿತ್ತೇ ಅಂದುಕೊಂಡೆ. ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯಬಲ್ಲಿರಾ? ಬೀಗದ ಕೈ ತಿರುಗಿಸಬಲ್ಲಿರಾ? ಸರಿ. ಬ್ರೀಫ್‌ಕೇಸ್ ಹಿಡಿಯಬಲ್ಲಿರಾ? ಕೂದಲಿಗೆ ಗಾಳಿ ಹಾಯಿಸಿ ಒಣಗಿಸಬಲ್ಲಿರಾ? ಗಾಲ್ಫ್ ಆಡಬಲ್ಲಿರಾ? ಮಡಿಕೇರಿಯಲ್ಲೂ ಬಿಟ್ಟಂಗಾಲದಲ್ಲೂ ಗಾಲ್ಫ್ ಮೈದಾನಗಳಿವೆ, ಇಲ್ಲವೆನ್ನುವುದಿಲ್ಲ. ನಾನು ಅದರ ಬೇಲಿಯನ್ನಷ್ಟೇ ನೋಡಿದವನು. ಗಂಡಹೆಂಡಿರ ಸಂಗತಿಯದ್ದೂ ಒಂದು ಪ್ರಶ್ನೆ ಇದೆ. ಹುಡುಗಿ ಅದನ್ನು ಓದದೆ, "ಇದಕ್ಕೆ ನೀವೇ ಟಿಕ್ ಹಾಕಿ ಅಂಕಲ್" ಎಂದು ಪೆನ್ನು ಕೊಟ್ಟು ಕಿಟಕಿಯ ಕಡೆ ನೋಡಿದಳು.

ಆ ಹಾಳೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಅದಿಲ್ಲದಿದ್ದರೆ ಎಲ್ಲವೂ "ಚೆನ್ನಾಗಿದೆ"ಯಲ್ಲೇ ನಿಲ್ಲುತ್ತಿತ್ತು. ಚರ್ಮ ಬದುಕಿತೇ ಎಂದು ಡಾಕ್ಟರು ಕೇಳುತ್ತಾರೆ, ಏನು ಮಾಡಲು ಬರುತ್ತದೆ ಎಂದು ಈ ಹಾಳೆ ಕೇಳುತ್ತದೆ. ಮೊದಲನೆಯದಕ್ಕೆ ಹತ್ತು ದಿನದಲ್ಲಿ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ವರ್ಷ ಬೇಕು, ಮತ್ತೆ ಆ ಉತ್ತರ ಊರೂರಿಗೆ ಬೇರೆ. ನನ್ನ ತಕರಾರು ಇಷ್ಟೇ: ನಮ್ಮ ತೋಟದ ಒಂದು ಪ್ರಶ್ನೆಯೂ ಅದರಲ್ಲಿಲ್ಲ.

ಕಾಫಿ ಕೊಯ್ಯುವುದು ಬಲಗೈ ಕೆಲಸ ಎಂದು ನೋಡುವವರಿಗೆ ಕಾಣುತ್ತದೆ. ಅಲ್ಲ. ಎಡಗೈ ಗಿಡದ ರೆಕ್ಕೆ, ಅಂದರೆ ಕೊಂಬೆ, ಬಗ್ಗಿಸಿ ಹಿಡಿದರೆ ತಾನೇ ಬಲಗೈಗೆ ಹಣ್ಣು ಸಿಗುವುದು? ಬಗ್ಗಿಸಿ ಹಿಡಿಯಲು ಬೆರಳುಗಳು ಕೊಕ್ಕೆಯಾದರೆ ಸಾಕು, ನುಣುಪು ಬೇಕಿಲ್ಲ. ಆ ಕೆಲಸಕ್ಕೆ ನನ್ನ ಕೈ ಪೂರ್ತಿ ಪಾಸು. ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವುದರಲ್ಲಿ ಅರ್ಧ ಪಾಸು: ಎಡಗೈಯ ಎರಡು ಬೆರಳು ದಾರ ಹಿಡಿದಿರುತ್ತವೆ, ಗಂಟು ಮಾತ್ರ ಬಲಗೈ ಮತ್ತು ಹಲ್ಲು ಸೇರಿ ಹಾಕುತ್ತವೆ. ಒಂಟಿ ಬಿದಿರಿನ ಏಣಿ ಹತ್ತಿ ಮೆಣಸು ಕೊಯ್ಯುವುದು ಇಲ್ಲ. ಮೇಲೆ ಹತ್ತಿದವನ ಜೀವ ಎಡಗೈಯಲ್ಲಿರುತ್ತದೆ. ಹಿಡಿಶಕ್ತಿ ಅಳೆಯುವ ಯಂತ್ರ ನನ್ನ ಎಡಗೈಗೆ ಬಲಗೈಯ ಅರ್ಧಕ್ಕಿಂತ ತುಸು ಹೆಚ್ಚು ಕೊಟ್ಟಿದೆ. ನಲವತ್ತು ಅಡಿ ಮೇಲೆ, ಸಿಲ್ವರ್ ಓಕಿನ ತುದಿಯಲ್ಲಿ, ಅಷ್ಟು ಸಾಲದು. ಮೇಸ್ತ್ರಿ ಏಣಿಯ ಬುಡದಲ್ಲಿ ನನ್ನನ್ನು ಕಂಡರೆ ಸಾಕು, "ಸಾವ್ಕಾರ್ರೆ, ನೀವು ಕೆಳಗೇ ನಿಂತು ಬಯ್ತಾ ಇರಿ" ಅನ್ನುತ್ತಾನೆ. ನಮ್ಮ ಆಯುಧದ ಹಬ್ಬ ಕೈಲ್ ಮುಹೂರ್ತದ ದಿನ ಕೋವಿ ಹಿಡಿಯುತ್ತೇನೆ. ಕೋವಿಯ ನಳಿಗೆ ಎಡ ಅಂಗೈ ಮೇಲೆ ಕೂರುತ್ತದೆ, ಅಂಗೈ ನನ್ನ ಸ್ವಂತದ್ದೇ. ಗುರಿಯಿಟ್ಟ ತೆಂಗಿನಕಾಯಿಗೆ ಗುಂಡು ತಾಗುವುದಿಲ್ಲ, ಆದರೆ ಅದು ಮೊದಲೂ ತಾಗುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಕಥೆ ಬೇರೆ. ಕಡಂಬುಟ್ಟು (ಅಕ್ಕಿಯ ಉಂಡೆ) ಬೇಯಿಸಿದ ಪಾತ್ರೆಯ ಮುಚ್ಚಳವನ್ನು ಬಲಗೈಯಿಂದ ಎತ್ತುವಾಗ ಎಡಗೈ ಹಿಂಬದಿ ಉಗಿಯ ಮೇಲೆ ಹೋಯಿತು. ಹೋದದ್ದು ತಿಳಿಯಲೇ ಇಲ್ಲ. ರಾತ್ರಿ ನೋಡಿದರೆ ಗುಳ್ಳೆ. ನನ್ನ ಫ್ಲ್ಯಾಪಿಗೆ ಯಾರೂ ಸ್ಪರ್ಶದ ನರ ಜೋಡಿಸಿಲ್ಲ. ಕತ್ತರಿಸಿದ ನರ ಸುಮಾರಾಗಿ ದಿನಕ್ಕೆ ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅಂಚುಗಳಿಂದ ಒಂದಿಷ್ಟು ಅರಿವು ತೆವಳಿ ಬಂದಿದೆ, ನಡುವಿನ ಜಾಗ ಇನ್ನೂ ಬೇರೆಯವರ ಮನೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದ ಪಾಲ್ ಬ್ರಾಂಡ್ ಕಂಡುಕೊಂಡದ್ದೂ ಇದನ್ನೇ. ಆ ಬೆರಳುಗಳನ್ನು ರೋಗ ತಿನ್ನುತ್ತಿರಲಿಲ್ಲ. ನೋವೇ ತಿಳಿಯದ ಕೈಯನ್ನು ಬೆಂಕಿ, ಪಾತ್ರೆ, ಹತಾರಗಳು ದಿನದಿನವೂ ಸವೆಸುತ್ತಿದ್ದವು. ಈಗ ನಾನು ರಾತ್ರಿ ಮಲಗುವ ಮುಂಚೆ ಎಡಗೈಯನ್ನು ದೀಪಕ್ಕೆ ಹಿಡಿದು ಒಮ್ಮೆ ನೋಡಿಕೊಳ್ಳುತ್ತೇನೆ, ಮಗುವಿನ ಮೈ ನೋಡಿದ ಹಾಗೆ. ಜುಲೈ ತಿಂಗಳ ಚಳಿಯಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಉಳಿದ ಬೆರಳುಗಳೂ ಸೆಟೆಯುತ್ತವೆ. ಉಣ್ಣೆಯ ಕೈಗವಸು ಹೊಲಿಸಿಕೊಂಡಿದ್ದೇನೆ.

ಜಿಗಣೆಯ ಮಾತು ಅರ್ಧಕ್ಕೆ ಬಿಟ್ಟೆ. ಹೊರಹೋಗುವ ರಕ್ತದ ದಾರಿ ಕಟ್ಟಿ ಫ್ಲ್ಯಾಪ್ ಕಪ್ಪಾಗತೊಡಗಿದರೆ ಡಾಕ್ಟರುಗಳು ಬೇಕೆಂದೇ ಜಿಗಣೆ ಹತ್ತಿಸುತ್ತಾರೆ. 1960ರಲ್ಲಿ ಆಗಿನ ಯುಗೊಸ್ಲಾವಿಯಾದ ಲ್ಯುಬ್ಲಿಯಾನಾದ ಇಬ್ಬರು ಇದನ್ನು ಬರೆದರು. 1985ರಲ್ಲಿ ಬೋಸ್ಟನ್ನಿನಲ್ಲಿ ಒಂದು ಮಗುವಿನ ಹರಿದ ಕಿವಿಯನ್ನು ಮರಳಿ ಹೊಲಿದಾಗ ಉಳಿಸಿದ್ದೂ ಜಿಗಣೆಗಳೇ. ನಮ್ಮ ತೋಟದ ನೆಲಜಿಗಣೆಯಲ್ಲ, ನೀರಿನಲ್ಲಿರುವ ಬೇರೆ ಜಾತಿ. ಹೀರಿದ್ದಕ್ಕಿಂತ, ಅದು ಬಿಟ್ಟ ಮೇಲೆ ಗಂಟೆಗಟ್ಟಲೆ ಒಸರುವ ರಕ್ತದಿಂದಲೇ ಹೆಚ್ಚು ಉಪಕಾರ. ಇದನ್ನು ಮೇಸ್ತ್ರಿಗೆ ಹೇಳಿದೆ. "ಹಾಗಾದರೆ ನಮ್ಮ ತೋಟಕ್ಕೇ ಆಸ್ಪತ್ರೆ ಅಂತ ಬೋರ್ಡು ಹಾಕಿ" ಅಂದ.

ಈ ಕೈ ಕಾರಣವಾಗಿಯೇ ಕಾವಸ್ಜೀ ಎಂಬವನ ಕಥೆ ನನ್ನನ್ನು ಬಿಡುವುದಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದವನು. ಅದೇ ಯುದ್ಧದಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಇಂಗ್ಲಿಷರ ಸೇನಾಪತಿ ಅಬರ್‌ಕ್ರೋಂಬಿಯ ಸೈನ್ಯಕ್ಕೆ ನಮ್ಮ ಕೊಡಗಿನ ಮೂಲಕ ಶ್ರೀರಂಗಪಟ್ಟಣಕ್ಕೆ ದಾರಿ ಕೊಟ್ಟಿದ್ದ. ಸೆರೆ ಸಿಕ್ಕಿದ ಕಾವಸ್ಜೀಯ ಮೂಗನ್ನೂ ಒಂದು ಕೈಯನ್ನೂ ಟಿಪ್ಪುವಿನ ಕಡೆಯವರು ಕತ್ತರಿಸಿದರು. ವರ್ಷದ ಮೇಲೆ, ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಅವನಿಗೆ ಮೂಗು ಕಟ್ಟಿದ. ಹುಬ್ಬುಗಳ ನಡುವಿನ ಬುಡವನ್ನು ಹಾಗೇ ಬಿಟ್ಟು, ಸುಮಾರು 25ನೇ ದಿನ ಕತ್ತರಿಸುವ ಪದ್ಧತಿ. ನನ್ನ ಮೂರು ವಾರದ ಲೆಕ್ಕವೇ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರ ಸಮೇತ ಅಚ್ಚಾಯಿತು, ಅದನ್ನು ನೋಡಿ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಅಲ್ಲಿ ಮಾಡಿ ತೋರಿಸಿದ, ಲೋಕದ ಪ್ಲಾಸ್ಟಿಕ್ ಸರ್ಜರಿಯೇ ಹೀಗೆ ಶುರುವಾಯಿತು ಎಂದು ಎಲ್ಲರೂ ಹೆಮ್ಮೆಯಿಂದ ಬರೆಯುತ್ತಾರೆ. ಸರಿ. ಆದರೆ ಎತ್ತು ಹೊಡೆಯುವವನಿಗೆ ಹಗ್ಗ ಹಿಡಿಯಲು ಎರಡು ಕೈ ಬೇಕು. ಮೂಗು ಬಂದ ಮೇಲೆ ಅವನು ಗಾಡಿ ಕಟ್ಟಿದನೇ? ಆ ಚಿತ್ರ ಹೇಳುವುದು ಮುಖದ ಕಥೆ ಮಾತ್ರ.

ಇನ್ನು ನನ್ನ ಕೈಯ ಮುಖದ ವಿಷಯ. ಚರ್ಮ ಎಲ್ಲಿಗೆ ಹೋದರೂ ಹುಟ್ಟಿದೂರಿನ ಬುದ್ಧಿ ಬಿಡುವುದಿಲ್ಲ. ಕೈ ಮೇಲೆ ಹೊಟ್ಟೆಯ ಕೂದಲು ಬೆಳೆಯುತ್ತದೆ. ನಾನು ದಪ್ಪವಾದರೆ ಕೈಯೂ ದಪ್ಪವಾಗುತ್ತದೆ. ಮಳೆಗಾಲದ ಪಂದಿಕರಿಯ (ಹಂದಿಸಾರಿನ) ಲೆಕ್ಕ ಹೊಟ್ಟೆಯಲ್ಲಿ ಒಂದು ಕಡೆ, ಎಡಗೈಯಲ್ಲಿ ಒಂದು ಕಡೆ ಜಮೆಯಾಗುತ್ತದೆ. 2021ರಲ್ಲಿ ಒಮ್ಮೆ ಕೊಬ್ಬು ತೆಗೆದು ತೆಳ್ಳಗೆ ಮಾಡಿದರು. ಈಗ ಮತ್ತೆ ಬನ್ನಿನಷ್ಟಾಗಿದೆ. ಮದುವೆಮನೆಗಳಲ್ಲಿ ಕೈ ಕುಲುಕಿದವರು ಕೆಳಗೆ ನೋಡಿ, ತಕ್ಷಣ ನನ್ನ ಮುಖ ನೋಡಿ, ಕಾಫಿ ರೇಟು ಕೇಳುತ್ತಾರೆ.

ಇನ್ನೊಂದು ಸಲ ತೆಳ್ಳಗೆ ಮಾಡೋಣವೇ ಎಂದು ಡಾಕ್ಟರು ಹೋದ ತಿಂಗಳು ಕೇಳಿದರು. ನೋಡಲು ಚೆನ್ನಾಗಿರುತ್ತದೆ, ಬೆರಳೂ ಸ್ವಲ್ಪ ಹಗುರಾಗಬಹುದು ಅಂದರು. ಹೆಂಡತಿ ಮಾಡಿಸಿ ಅನ್ನುತ್ತಾಳೆ. ಅವ್ವ ಬೇಡ ಅನ್ನುತ್ತಾರೆ. ಬದುಕಿರುವುದನ್ನು ಯಾಕೆ ಕೆದಕುವುದು ಎಂದು. ನನ್ನ ಯೋಚನೆ ಬೇರೆ. ಗಿಡದೊಳಗೆ ಕೈ ತೂರಿಸಿ ರೆಕ್ಕೆ ಬಗ್ಗಿಸುವಾಗ ಒಣಕಡ್ಡಿಗಳು ಗೀರುವುದು ಕೈಯ ಹಿಂಬದಿಗೇ, ಈ ದಪ್ಪ ಮೆತ್ತೆ ಇದ್ದರೆ ಅವು ದಾರದವರೆಗೆ ತಾಗುವುದಿಲ್ಲ. ಅದನ್ನು ಹೇಳಿದಾಗ ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಫೈಲಿನಲ್ಲಿ ಏನೋ ಬರೆದುಕೊಂಡರು. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬಂದ ಮೇಲೆ ನೋಡೋಣ ಅಂದಿದ್ದೇನೆ.